ಎಳೆಯಕ್ಕನೂ ಒಂದು ಟನ್ ಬ್ಯಾಟರಿಯೂ

ಆಕೆಗೆ ಎಳೆಯಕ್ಕ ಎಂಬ ಹೆಸರು ಹೇಗೆ ಬಂತೆಂದು ಕೇಳಿದರೆ ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೋಡೆಯೊಳಗಿನ ಕೊಳವೆಯಿಂದ ಕೇಬಲ್ ಎಳೆಯುವವಳಾದ್ದರಿಂದ ಎಳೆಯಕ್ಕ ಎಂದು ನರ್ಸುಗಳು. ಒಂದು ನೆಟ್‌ವರ್ಕ್ ಕೇಬಲ್ಲನ್ನು ಸುಲಿದರೆ ಒಳಗೆ ಎಂಟು ಎಳೆ. ಆ ಎಂಟನ್ನೂ ಬಣ್ಣದ ಕ್ರಮಕ್ಕೆ ಜೋಡಿಸಿ ಕ್ಲಿಪ್ಪಿಗೆ ತುರುಕಿ ಒತ್ತುವಷ್ಟರಲ್ಲಿ ಎದುರಿಗಿದ್ದವರ ಮಾತು ಅರ್ಧವೂ ಮುಗಿದಿರುವುದಿಲ್ಲ, ಅದಕ್ಕೇ ಆ ಹೆಸರು ಎಂದು ಡಾಕ್ಟರು. ಮನೆಯಲ್ಲಿ ಅತ್ತೆಯ ವಾದವೇ ಬೇರೆ. "ಐವತ್ತಮೂರು ತುಂಬಿದ್ರೂ ಏಣಿ ಕಂಡ್ರೆ ಹತ್ತೋ ಬುದ್ಧಿ ಬಿಟ್ಟಿಲ್ಲ. ಇನ್ನೂ ಎಳೇದು ಇದು, ಬಲಿತೇ ಇಲ್ಲ," ಎಂದು ಅವರು ಅಕ್ಕಪಕ್ಕದವರ ಮುಂದೆ ಹೇಳಿ ನಗುತ್ತಾರೆ. ಯಾವ ಅರ್ಥ ಹಿಡಿದು ಕರೆದರೂ ಆಕೆಗೆ ಬೇಸರವಿಲ್ಲ. ಓಗೊಡುತ್ತಾಳೆ.

ಆಕೆ ಕೆಲಸ ಮಾಡುವುದು ವಿಷ ಸಲಹಾ ಕೇಂದ್ರದಲ್ಲಿ. ಬಾಗಿಲ ಮೇಲಿನ ಫಲಕ ಓದಿ ಹೊಸಬರು ಒಂದು ಕ್ಷಣ ಬೆಚ್ಚುತ್ತಾರೆ, ಇಲ್ಲಿ ಯಾರು ಯಾರಿಗೆ ಏನು ಸಲಹೆ ಕೊಡುತ್ತಾರಪ್ಪಾ ಎಂದು. ಮಗು ಸೀಮೆಎಣ್ಣೆ ಕುಡಿದುಬಿಟ್ಟಿದೆ, ಅಜ್ಜ ಒಂದು ಮಾತ್ರೆಯ ಬದಲು ಆರು ನುಂಗಿದ್ದಾರೆ, ಗಿಡಕ್ಕೆ ಹೊಡೆಯುವ ಔಷಧಿ ಕಣ್ಣಿಗೆ ಸಿಡಿದಿದೆ ಎಂದು ಜನ ಗಾಬರಿಯಿಂದ ಫೋನ್ ಮಾಡುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕೂತ ನರ್ಸುಗಳು ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು, ಎಷ್ಟು ಬೇಗ ಆಸ್ಪತ್ರೆಗೆ ಓಡಬೇಕು ಎಂದು ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ಬೀದಿಬದಿಯ ಎರಡಂತಸ್ತಿನ ಕಟ್ಟಡ. ಕೆಳಗಿನ ಅಂತಸ್ತಿನಲ್ಲಿ ಹದಿನಾರು ಮೇಜು, ಒಂದು ಊಟದ ಕೋಣೆ, ಮೂಲೆಯಲ್ಲಿ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ ಕೋಣೆ. ಮೇಲಿನ ಅಂತಸ್ತಿನಲ್ಲಿ ಒಂದು ನೃತ್ಯ ಶಾಲೆ ನಡೆಯುತ್ತಿತ್ತು.

ಆಕೆ ಇಲ್ಲಿಗೆ ಬಂದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಕೆಲಸಕ್ಕೆ. ಹತ್ತನೇ ತರಗತಿ ಓದಿದ್ದಳು, ದನಿ ಚೆನ್ನಾಗಿತ್ತು, ಅಷ್ಟೇ ಅರ್ಹತೆ. ಎರಡನೇ ವರ್ಷ ಒಂದು ಮಧ್ಯಾಹ್ನ ಒಬ್ಬ ತಂದೆಯ ಕರೆಯನ್ನು ಒಳಗೆ ಕೊಟ್ಟಳು. ಅವನು ಇನ್ನೂ ಮಗಳು ಏನು ನುಂಗಿದಳೆಂದು ಹೇಳುತ್ತಿದ್ದ, ಕರೆಂಟು ಹೋಯಿತು. ಬೋರ್ಡಿಗೆ ಅಂತ ಒಂದು ಬ್ಯಾಟರಿ ಇತ್ತು. ಅದರಲ್ಲಿ ನೀರು ಬತ್ತಿಹೋಗಿ ತಿಂಗಳುಗಳೇ ಆಗಿದ್ದವೆಂದು ಆಮೇಲೆ ತಿಳಿಯಿತು. ಬೋರ್ಡಿನ ಎಲ್ಲ ದೀಪಗಳೂ ಒಟ್ಟಿಗೇ ಆರಿದವು. ಆ ತಂದೆ ಮತ್ತೆ ಲೈನಿಗೆ ಸಿಕ್ಕದ್ದು ಹನ್ನೊಂದು ನಿಮಿಷದ ನಂತರ. ಹುಡುಗಿಗೆ ಏನೂ ಆಗಲಿಲ್ಲ. ಆದರೆ ಆ ಹನ್ನೊಂದು ನಿಮಿಷ ಸತ್ತ ಬೋರ್ಡಿನ ಮುಂದೆ ಕೈ ಕಟ್ಟಿ ಕೂತದ್ದು ಆಕೆಯ ಎದೆಯಲ್ಲಿ ಕೂತುಬಿಟ್ಟಿತು. ಮರುವಾರದಿಂದ ಯಾರೂ ಹೇಳದಿದ್ದರೂ ಪ್ರತಿ ಶನಿವಾರ ತಾನೇ ಬ್ಯಾಟರಿಗೆ ನೀರು ತುಂಬತೊಡಗಿದಳು. ನೀರು ತುಂಬುವವಳು ತಂತಿ ಬಿಗಿ ಮಾಡಿದಳು, ತಂತಿ ಬಿಗಿ ಮಾಡುವವಳು ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಚೀಟಿ ಅಂಟಿಸಿದಳು. ಕಂಪ್ಯೂಟರುಗಳು ಬಂದು ಟೆಲಿಫೋನ್ ಬೋರ್ಡು ಗುಜರಿಗೆ ಹೋದಾಗ ಬೋರ್ಡಿನ ಮುಂದಿದ್ದ ಉಳಿದ ಮೂವರಿಗೆ ಬೇರೆ ಕಡೆ ಕೆಲಸ ಕೊಟ್ಟರು. ಈಕೆಯನ್ನು ಬಿಡಲಿಲ್ಲ; ಆ ಕಟ್ಟಡದ ಗೋಡೆಗಳೊಳಗೆ ಏನಿದೆಯೆಂದು ಗೊತ್ತಿದ್ದವಳು ಅವಳೊಬ್ಬಳೇ.

ಈ ವರ್ಷ ಇನ್ನೂ ಮೂರು ಜಿಲ್ಲೆಗಳ ಕರೆಗಳನ್ನು ಈ ಕೇಂದ್ರಕ್ಕೇ ಕೊಡುವುದೆಂದು ತೀರ್ಮಾನವಾಯಿತು. ನೃತ್ಯ ಶಾಲೆಯವರು ದೊಡ್ಡ ಜಾಗ ಸಿಕ್ಕಿತೆಂದು ಹೊರಟುಹೋಗಿದ್ದರು. ಮೇಲಿನ ಅಂತಸ್ತನ್ನು ತೆಗೆದುಕೊಂಡು ಇಪ್ಪತ್ತನಾಲ್ಕು ಹೊಸ ಮೇಜು ಹಾಕಬೇಕು, ಎಲ್ಲಕ್ಕೂ ಕೇಬಲ್, ಎಲ್ಲಕ್ಕೂ ಕರೆಂಟು ಹೋದರೂ ಕೈಕೊಡದ ಬ್ಯಾಟರಿ ವ್ಯವಸ್ಥೆ. ಮುಖ್ಯ ಕಚೇರಿಯಿಂದ ಒಬ್ಬ ಎಂಜಿನಿಯರ್ ಬಂದರು. ಮೂವತ್ತೈದರ ಆಸುಪಾಸಿನ, ತೂಕದ ಮಾತಿನ ಮನುಷ್ಯ. ಕೈಯಲ್ಲಿ ಬಣ್ಣದ ನಕ್ಷೆಗಳ ಸುರುಳಿ. ಡಾಕ್ಟರು ಎಳೆಯಕ್ಕನನ್ನು ಕರೆಸಿದರು.

"ಇವರು ನಕ್ಷೆ ತಂದಿದಾರೆ. ನೀವು ಒಂದ್ಸಲ ಕಣ್ಣಾಡಿಸಿ ಹೇಳಿ."

"ನಾನಾ ಸರ್?" ಎಂದಳು. ಮೂವತ್ತು ವರ್ಷದಿಂದ ಬೇರೆಯವರು ಬರೆದ ಗೆರೆಯ ಮೇಲೆ ತಂತಿ ಎಳೆದಿದ್ದಳೇ ಹೊರತು, ಗೆರೆ ಸರಿಯಿದೆಯೇ ಎಂದು ಆಕೆಯನ್ನು ಯಾರೂ ಕೇಳಿರಲಿಲ್ಲ.

"ನೀವಲ್ದೆ ಇನ್ಯಾರು?" ಎಂದು ಡಾಕ್ಟರು ತಮ್ಮ ಫೈಲಿಗೆ ಮರಳಿದರು.

ಎಂಜಿನಿಯರೂ ಆಕೆಯೂ ಮೇಲೆ ಹೋದರು. ಖಾಲಿ ಹಾಲ್. ಒಂದಿಡೀ ಗೋಡೆಯ ಉದ್ದಕ್ಕೂ ಕನ್ನಡಿ, ಕನ್ನಡಿಗೆ ಅಡ್ಡಲಾಗಿ ಮರದ ಕಂಬಿ. ನೆಲದ ಬಣ್ಣ ನಡುವೆ ಸವೆದು ಅಂಚಿನಲ್ಲಿ ಮಾತ್ರ ಉಳಿದಿತ್ತು. ಎಂಜಿನಿಯರ್ ನಕ್ಷೆ ಹರಡಿ ತೋರಿಸಿದರು: ಕೆಳಗಿನ ನೆಟ್‌ವರ್ಕ್ ಕಪಾಟಿನಿಂದ ಮೇಲಿನ ಕೊನೆಯ ಮೇಜಿಗೆ ಮೂವತ್ತೊಂದು ಮೀಟರ್ ಕೇಬಲ್. ಎಳೆಯಕ್ಕ ಜೇಬಿನಿಂದ ಗಂಟು ಹಾಕಿದ ದಾರದ ಉಂಡೆ ತೆಗೆದಳು. ಮೀಟರಿಗೊಂದು ಗಂಟು. ಒಂದು ತುದಿಯನ್ನು ಎಂಜಿನಿಯರ್ ಕೈಗೆ ಕೊಟ್ಟು ಕೆಳಗೆ ಕಪಾಟಿನ ಹತ್ತಿರ ನಿಲ್ಲಿಸಿ, ತಾನು ದಾರ ಬಿಡುತ್ತಾ ಹೊರಟಳು. ಗೋಡೆಯ ಮೇಲಕ್ಕೆ, ತೊಲೆಯನ್ನು ಬಳಸಿ, ಮೆಟ್ಟಿಲ ಪಕ್ಕದ ಕೊಳವೆಯಲ್ಲಿ, ಹಾಲಿನ ಅಂಚಿನುದ್ದಕ್ಕೂ, ಮತ್ತೆ ಕೆಳಗೆ ಮೇಜಿನ ಜಾಗಕ್ಕೆ. ಅಲ್ಲಿ ನಿಂತು ಗಂಟು ಎಣಿಸಿದಳು.

"ನಲವತ್ತಾರು, ಸರ್."

"ಅಷ್ಟೊಂದಾ?" ಎಂದು ಎಂಜಿನಿಯರ್ ಕೆಳಗಿನಿಂದ ಕೂಗಿದರು.

"ಕಾಗದದ ಮೇಲೆ ಕಾಗೆ ಹಾರಿದ ಹಾಗೆ ಹೋಗಬಹುದು. ಕೇಬಲ್ಲಿಗೆ ರೆಕ್ಕೆ ಇಲ್ವಲ್ಲ. ಎರಡೂ ತುದೀಲಿ ಒಂದೊಂದು ಸುತ್ತು ಹೆಚ್ಚಿಗೆ ಬೇರೆ ಬಿಡಬೇಕು. ನಾಳೆ ಯಾರೋ ಮೇಜು ಆಚೆ ಸರಿಸ್ತಾರೆ, ಆಗ ಎಳೆಯಕ್ಕ ಎಳೆಯಕ್ಕ ಅಂತ ಅರಚ್ತಾರೆ."

ಎಂಜಿನಿಯರ್ ನಗುತ್ತಾ ಮೇಲೆ ಬಂದು ತಿದ್ದಿಕೊಂಡರು. ಒಂದು ಮೇಜಿಗೆ ಒಂದೇ ಕೇಬಲ್, ಫೋನಿನ ಬೆನ್ನಿನಿಂದ ಕಂಪ್ಯೂಟರಿಗೆ ಎಂದಿತ್ತು ನಕ್ಷೆಯಲ್ಲಿ. "ಒಂದು ಕೆಟ್ರೆ ಎರಡೂ ಹೋಯ್ತು," ಎಂದಳು. ಎರಡಾಯಿತು. ಕರೆಂಟಿನ ತಂತಿಯೂ ನೆಟ್‌ವರ್ಕಿನ ಕೇಬಲ್ಲೂ ಒಂದೇ ಕೊಳವೆಯಲ್ಲಿ ಜೋಡಿಯಾಗಿ ಹೋಗುತ್ತಿದ್ದ ಕಡೆ ಬೆರಳಿಟ್ಟಳು. "ಇವೆರಡು ಅತ್ತಿಗೆ ನಾದಿನಿ ಇದ್ದ ಹಾಗೆ. ಒಂದಡಿ ದೂರ ಇದ್ರೆ ಚೆನ್ನಾಗಿರ್ತವೆ." ಅದನ್ನೂ ತಿದ್ದಿದರು. ಹೀಗೆ ಎರಡು ತಾಸು ಹೋಯಿತು. ಕೊನೆಗೆ ಎಂಜಿನಿಯರ್ ಮೂಲೆಯ ಕೋಣೆಯ ಬಾಗಿಲು ತೆಗೆದರು. ಎರಡು ಕಡೆ ಕಿಟಕಿ, ಬೀದಿಯ ಮರದ ಕೊಂಬೆ ಗಾಜಿಗೆ ತಾಗುವಷ್ಟು ಹತ್ತಿರ. ನೃತ್ಯ ಶಾಲೆಯವರು ಅಲ್ಲಿ ಬಟ್ಟೆ ಬದಲಾಯಿಸುತ್ತಿದ್ದರಂತೆ.

"ಇಲ್ಲಿ ಬ್ಯಾಟರಿ. ಮೂವತ್ತೆರಡು. ಮೂರು ಗಂಟೆ ಕರೆಂಟ್ ಇಲ್ದಿದ್ರೂ, ಜನರೇಟರ್ ಕೈ ಕೊಟ್ರೂ ಚಿಂತೆಯಿಲ್ಲ."

ಎಳೆಯಕ್ಕ ಕೋಣೆಯೊಳಗೆ ಒಂದು ಸುತ್ತು ಹಾಕಿದಳು. ಏನೋ ಸರಿಯಿಲ್ಲವೆನಿಸಿತು. ಏನೆಂದು ಮಾತ್ರ ಹೊಳೆಯಲಿಲ್ಲ. ನಕ್ಷೆಯ ಒಂದು ಪ್ರತಿ ಕೇಳಿ ತೆಗೆದುಕೊಂಡು ಮನೆಗೆ ಹೊರಟಳು.

ಆಕೆಯ ಗಂಡ ಬೇಕರಿಯಲ್ಲಿ ಬ್ರೆಡ್ ಮಾಡುವವನು. ಕೋಳಿ ಕೂಗುವ ಮೊದಲೇ ಒಲೆಯ ಮುಂದೆ ನಿಲ್ಲಬೇಕಾದ್ದರಿಂದ ಸಂಜೆಯ ಊಟ ಅವರ ಮನೆಯಲ್ಲಿ ಬಿಸಿಲಿರುವಾಗಲೇ ಆಗುತ್ತದೆ. ಆ ಸಂಜೆ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡಿತ್ತು, ಅದರ ಒಂದು ಮೂಲೆಯನ್ನು ಉಪ್ಪಿನ ಡಬ್ಬಿ, ಇನ್ನೊಂದನ್ನು ಅತ್ತೆಯ ಕನ್ನಡಕದ ಪೆಟ್ಟಿಗೆ ಒತ್ತಿ ಹಿಡಿದಿದ್ದವು.

"ಇದೇನೇ, ಮನೆ ಕಟ್ಟಿಸ್ತೀಯಾ?" ಎಂದು ಅತ್ತೆ ಕೇಳಿದರು. ಕಿವಿ ಸ್ವಲ್ಪ ಮಂದ, ಅದಕ್ಕೆ ಸರಿಯಾಗಿ ದನಿ ದೊಡ್ಡದು.

"ಆಫೀಸಿಂದಮ್ಮ. ಮೇಲೆ ಬ್ಯಾಟರಿ ಇಡ್ತಾರಂತೆ."

ಗಂಡ ಬ್ರೆಡ್ಡನ್ನು ಸಾರಿಗೆ ಅದ್ದುತ್ತಾ ನಕ್ಷೆಯನ್ನು ತಲೆಕೆಳಗಾಗಿಯೇ ನೋಡಿದ. "ಒಂದೊಂದು ಎಷ್ಟು ಭಾರ?"

"ಮೂವತ್ತಮೂರು ಕೇಜಿ."

"ಮೂವತ್ತೆರಡು ಇಟ್ರೆ?" ಅವನ ತುಟಿ ಸ್ವಲ್ಪ ಹೊತ್ತು ಆಡಿತು. ಅವನಿಗೆ ಲೆಕ್ಕವೆಲ್ಲ ಹಿಟ್ಟಿನ ಮೂಟೆಯಲ್ಲೇ. "ಇಪ್ಪತ್ತೊಂದು ಮೂಟೆ ಆಯ್ತಲ್ಲೇ! ಐವತ್ತು ಕೇಜಿ ಮೂಟೆ. ಎಷ್ಟಗಲ ಜಾಗದಲ್ಲಿ?"

ಆಕೆ ಮೇಜಿನ ಮೇಲೆ ಕೈ ಚಾಚಿ ತೋರಿಸಿದಳು. ಅದೇ ಊಟದ ಮೇಜಿನಷ್ಟು.

ಗಂಡ ಬ್ರೆಡ್ ಕೆಳಗಿಟ್ಟ. "ನಮ್ಮ ಬೇಕರಿ ಮೇಲ್ಗಡೆ ಕೋಣೆ ಮರ್ತೆಯಾ? ಒಂದೇ ಮೂಲೇಲಿ ಹದಿನೆಂಟು ಮೂಟೆ ಪೇರಿಸಿದ್ರು. ಮೂರೇ ತಿಂಗಳು. ಒಲೆ ಮನೆ ಚಾವಣೀಲಿ ಬಿರುಕು ಬಿಟ್ಟು ಸುಣ್ಣ ಉದುರಿ, ಒಂದು ತಟ್ಟೆ ಬನ್ನೆಲ್ಲ ಹಾಳಾಯ್ತಲ್ಲ. ಅವತ್ತಿಂದ ಮೂಟೆ ಎಲ್ಲಾ ಕೆಳಗೇ."

ಮೂಲೆಯ ಕೋಣೆಯಲ್ಲಿ ತನಗೆ ಹೇಳಲು ಬಾರದೆ ಉಳಿದ ಮಾತು ಅದೇ ಎಂದು ಎಳೆಯಕ್ಕನಿಗೆ ಆಗ ಹೊಳೆಯಿತು. ಆ ಕೋಣೆಯ ನೇರ ಕೆಳಗೆ ನರ್ಸುಗಳ ಮೇಲ್ವಿಚಾರಕಿ ದೊಡ್ಡ ಸಿಸ್ಟರ್ ಕೂರುತ್ತಾರೆ.

ಮರುದಿನ ಬೆಳಿಗ್ಗೆ ಆಕೆ ಎಂಜಿನಿಯರ್ ಬರುವ ಮೊದಲೇ ಬಾಗಿಲಲ್ಲಿ ಕಾದಿದ್ದಳು. ಮಾತು ಶುರುಮಾಡುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಎದುರಿಗೆ ಬಂದಾಗ ಎಲ್ಲ ಮರೆತು, "ಸರ್, ಮೇಲಿನ ನೆಲ ತಡೆಯಲ್ಲ," ಎಂದುಬಿಟ್ಟಳು.

ಎಂಜಿನಿಯರ್ ಹುಬ್ಬೇರಿಸಿದರು. "ಐವತ್ತು ಮಕ್ಕಳು ಕುಣಿದ ನೆಲ ಅಲ್ವಾ ಅದು?"

"ಮಕ್ಕಳು ಕುಣಿದು ಮನೆಗೆ ಹೋಗ್ತಾರೆ ಸರ್. ಬ್ಯಾಟರಿ ಹತ್ತು ವರ್ಷ ಅಲ್ಲೇ ಕೂತಿರುತ್ತೆ. ಅದೂ ಒಂದೇ ಮೂಲೇಲಿ."

ಅವರು ತಕ್ಷಣ ಒಪ್ಪಲಿಲ್ಲ, ತಕ್ಷಣ ತಳ್ಳಿಹಾಕಲೂ ಇಲ್ಲ. ಕಟ್ಟಡದ ಮಾಲೀಕರಿಗೆ ಫೋನ್ ಮಾಡಿ ಹಳೆಯ ಕಟ್ಟಡ ನಕ್ಷೆ ತರಿಸಿದರು. ಹಳದಿಯಾಗಿ ಮಡಿಕೆಯಲ್ಲಿ ಹರಿದಿದ್ದ ಆ ಕಾಗದದ ಅಂಚಿನಲ್ಲಿ ಮೇಲಿನ ನೆಲ ಚದರ ಮೀಟರಿಗೆ ಎಷ್ಟು ಭಾರ ಹೊರಬಲ್ಲದೆಂದು ಬರೆದಿತ್ತು: ಮುನ್ನೂರು ಕೇಜಿ. ಎಂಜಿನಿಯರ್ ಕ್ಯಾಲ್ಕುಲೇಟರ್ ಒತ್ತಿದರು. ಕಬ್ಬಿಣದ ಕಪಾಟೂ ಸೇರಿ ಬ್ಯಾಟರಿಯ ಭಾರ ಅದರ ಮೂರೂವರೆ ಪಟ್ಟು. ಇನ್ನೊಮ್ಮೆ ಒತ್ತಿದರು. ಅಂಕಿ ಬದಲಾಗಲಿಲ್ಲ.

"ನಾನು ನಕ್ಷೆ ಹಾಕಿದ್ದು ಈ ಕಾಗದ ನೋಡ್ದೇನೇ," ಎಂದರು ಕೊನೆಗೆ. ಕಿವಿ ಕೆಂಪಾಗಿತ್ತು. "ತಪ್ಪು ನಂದು. ಒಳ್ಳೇ ಕೆಲ್ಸ ಮಾಡಿದ್ರಿ ಅಕ್ಕ."

ಆ ದಿನದವರೆಗೆ ಅವರು ಆಕೆಯನ್ನು ಮೇಡಂ ಎನ್ನುತ್ತಿದ್ದರು.

ಹಾಗಾದರೆ ಬ್ಯಾಟರಿ ಎಲ್ಲಿ? ಕೆಳಗೇ ಆಗಬೇಕು. ಮುಖ್ಯ ಸ್ವಿಚ್ ಬೋರ್ಡಿಗೆ ಹತ್ತಿರವಿರಬೇಕು, ಗಾಳಿ ಆಡಬೇಕು, ಬೀಗ ಹಾಕುವಂತಿರಬೇಕು. ಇಬ್ಬರೂ ಕೆಳಗಿನ ಅಂತಸ್ತನ್ನು ಒಂದು ಸುತ್ತು ಹಾಕಿದರು. ಸುತ್ತು ಮುಗಿಯುವ ಮೊದಲೇ ಎಳೆಯಕ್ಕನಿಗೆ ಉತ್ತರ ಗೊತ್ತಿತ್ತು, ಬಾಯಿ ಬಿಡಲು ಮಾತ್ರ ಧೈರ್ಯವಿರಲಿಲ್ಲ. ಇದ್ದದ್ದು ಒಂದೇ ಕೋಣೆ. ನರ್ಸುಗಳ ಊಟದ ಕೋಣೆ.

ಆ ಕೋಣೆಯ ಕತೆ ದೊಡ್ಡದು. ಹನ್ನೆರಡು ವರ್ಷದ ಹಿಂದೆ ನರ್ಸುಗಳು ತಮ್ಮ ತಮ್ಮ ಮೇಜಿನಲ್ಲೇ, ಒಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಡಬ್ಬಿ ಬಿಚ್ಚಬೇಕಿತ್ತು. ದೊಡ್ಡ ಸಿಸ್ಟರ್ ಆರು ತಿಂಗಳು ಡಾಕ್ಟರ ಬೆನ್ನು ಬಿದ್ದು, ಅರ್ಜಿಯ ಮೇಲೆ ಅರ್ಜಿ ಹಾಕಿ, ಆ ಕೋಣೆ ಗಿಟ್ಟಿಸಿದ್ದರು. ಒಂದು ಉದ್ದ ಮೇಜು, ಎಂಟು ಕುರ್ಚಿ, ಕೈ ತೊಳೆಯಲು ಒಂದು ನಲ್ಲಿ. ಎಳೆಯಕ್ಕ ಕೂಡ ದಿನಾ ಅಲ್ಲೇ, ನಲ್ಲಿಯ ಪಕ್ಕದ ಕುರ್ಚಿಯಲ್ಲೇ ಉಣ್ಣುವವಳು.

ಸುದ್ದಿ ಹೇಳಲು ಎಂಜಿನಿಯರ್ ತಾನೇ ಹೋಗುತ್ತೇನೆಂದರು. "ಬೇಡ ಸರ್, ನಾನೇ ಹೇಳ್ತೀನಿ. ನಿಮ್ಮ ಬಾಯಿಂದ ಕೇಳಿದ್ರೆ ಇನ್ನೂ ಉರೀತಾರೆ," ಎಂದಳು. ಅವಳ ಬಾಯಿಂದ ಕೇಳಿದ್ದಕ್ಕೂ ಉರಿ ಕಡಿಮೆಯೇನಾಗಲಿಲ್ಲ.

"ನೀನಾ? ನಮ್ಮ ಜತೆ ಕೂತು ಉಂಡೋಳು ನೀನು!" ಎಂದರು ದೊಡ್ಡ ಸಿಸ್ಟರ್. ಎತ್ತರದ ಹೆಂಗಸು, ಬಿಳಿ ಕೂದಲನ್ನು ಬಿಗಿದು ಕಟ್ಟಿದವರು. ಫೋನಿನಲ್ಲಿ ಎಂಥ ಗಾಬರಿಯವರನ್ನೂ ಬೆಣ್ಣೆಯಂಥ ದನಿಯಲ್ಲಿ ಸಮಾಧಾನ ಮಾಡುತ್ತಿದ್ದ ಅವರಿಗೆ ಫೋನಿನಾಚೆ ಬೇರೆಯೇ ಒಂದು ದನಿ ಇತ್ತು. "ಬ್ಯಾಟರಿಗೆ ಕೋಣೆ ಬೇಕು, ಮನುಷ್ಯರಿಗೆ ಬೇಡ, ಅಲ್ವಾ?"

"ಸಿಸ್ಟರ್, ಮೇಲೆ ಇಟ್ರೆ ಅದು ನಿಮ್ಮ ತಲೆ ಮೇಲೇ ಇರುತ್ತೆ."

"ನನ್ ತಲೆ ಮೇಲೆ ಈಗ್ಲೂ ಏನ್ ಕಡಿಮೆ ಇಲ್ಲ!"

ಮೂರು ದಿನ ಅವರು ಮಾತು ಬಿಟ್ಟರು. ಊಟದ ಕೋಣೆಯಲ್ಲಿ ಎಳೆಯಕ್ಕ ಡಬ್ಬಿ ತೆರೆದರೆ ಎದುರಿನವರು ಗೋಡೆ ನೋಡುತ್ತಿದ್ದರು. ಯಾರೋ ಉಪ್ಪು ಕೇಳಿದರೆ ಮೂವರ ಕೈ ದಾಟಿ ಹೋಗುತ್ತಿತ್ತು, ಆಕೆಯ ಕೈ ಮಾತ್ರ ತಪ್ಪಿಸಿ. ಮೊದಲ ದಿನವೇ ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡಳು. ಅವನು, "ನೀನು ಹೇಳಿದ್ದು ಸರಿ, ಅವರು ಕೇಳಿದ್ದೂ ಸರಿ. ಇನ್ನೊಂದು ಕೋಣೆ ಹುಡುಕು," ಎಂದು ಮಗ್ಗುಲು ಬದಲಿಸಿದ. ಹುಡುಕಲು ಕೋಣೆಯೆಲ್ಲಿದೆ ಎಂದು ಆಕೆಗೆ ಸಿಟ್ಟೇ ಬಂತು.

ಮಾರನೇ ದಿನ ಅಳತೆಗೆಂದು ಮತ್ತೆ ಮೇಲೆ ಹೋದಾಗ ಮೂಲೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಬೆಳಗಿನ ಬಿಸಿಲು ಎರಡು ಕಿಟಕಿಯಿಂದಲೂ ಬಂದು ನೆಲದ ಮೇಲೆ ಒಂದರ ಮೇಲೊಂದು ಬಿದ್ದಿತ್ತು. ಬ್ಯಾಟರಿ ಬಾರದು ಎಂದ ಮೇಲೆ ಆ ಕೋಣೆ ಯಾರಿಗೂ ಬೇಡವಾಗಿತ್ತು. ಆಕೆ ಬಾಗಿಲಲ್ಲೇ ನಿಂತು ತನ್ನ ಹಣೆಗೆ ತಾನೇ ಒಂದು ಬಾರಿಸಿಕೊಂಡಳು.

ಆದರೆ ಬರಿಗೈಯಲ್ಲಿ ಹೋದರೆ ದೊಡ್ಡ ಸಿಸ್ಟರ್ ಒಪ್ಪುವವರಲ್ಲ. ಒಂದು ದಿನವಿಡೀ ಕೂತು, ಬೇಕರಿಯಿಂದ ಗಂಡ ತಂದಿದ್ದ ಕಂದು ಕಾಗದದ ಮೇಲೆ, ಸ್ಕೇಲಿಟ್ಟು, ಪೆನ್ಸಿಲಿನಲ್ಲಿ ಆಕೆ ಮೇಲಿನ ಅಂತಸ್ತನ್ನು ತಾನೇ ಬರೆದಳು. ಜೀವಮಾನದಲ್ಲಿ ಮೊದಲ ಸಲ. ಬಾಗಿಲುಗಳು ವಾಲಿದವು, ಮೆಟ್ಟಿಲುಗಳು ಬಾಚಣಿಗೆಯಂತೆ ಬಂದವು, ಆದರೆ ಅಂಕಿಗಳು ಒಂದೂ ತಪ್ಪಿರಲಿಲ್ಲ. ಎಂಜಿನಿಯರಿಗೆ ತೋರಿಸಿದಳು. ಅವರು ಬಹಳ ಹೊತ್ತು ನೋಡಿ, ಒಂದು ಗೆರೆಯನ್ನೂ ಬದಲಿಸದೆ, "ಇದನ್ನೇ ಕಂಪ್ಯೂಟರಿಗೆ ಹಾಕ್ತೀನಿ," ಎಂದರು. ಆಕೆ ಕಾಗದ ಮಡಚಿಕೊಂಡು ದೊಡ್ಡ ಸಿಸ್ಟರ್ ಮೇಜಿಗೆ ಹೋಗಿ, ಮಾತಾಡದೆ, ಮುಂದೆ ಹರಡಿದಳು.

"ಇದೇನು, ಬನ್ನಿನ ವಾಸನೆ ಬರ್ತಿದೆ?" ಎಂದರು ಸಿಸ್ಟರ್. ಮೂರು ದಿನದಲ್ಲಿ ಮೊದಲ ಮಾತು.

"ಊಟದ ಕೋಣೆ ಸಿಸ್ಟರ್. ಮೇಲೆ. ಎರಡು ಕಿಟಕಿ. ಹನ್ನೆರಡು ಕುರ್ಚಿ ಹಿಡಿಯುತ್ತೆ, ನಲ್ಲಿಗೆ ಪಕ್ಕದ ಗೋಡೇಲೇ ಪೈಪ್ ಇದೆ."

"ಇಪ್ಪತ್ತೆರಡು ಮೆಟ್ಲು. ಅರ್ಧ ಗಂಟೆ ಬಿಡುವಲ್ಲಿ ಹತ್ತಿ ಇಳಿಯೋದೇ ಆಯ್ತು. ಕೆಳಗೆ ಕರೆ ಜಾಸ್ತಿ ಆದ್ರೆ ಮೇಲಿದ್ದೋರಿಗೆ ಗೊತ್ತಾಗೋದು ಹೇಗೆ?"

"ಅದಕ್ಕೇ ಇಲ್ಲಿ ನೋಡಿ." ಆಕೆ ಬೆರಳಿಟ್ಟಳು. "ಕೋಣೆಗೆ ಎರಡು ಕೇಬಲ್ ಎಳೆದಿದೀನಿ, ಅಂದ್ರೆ ಎಳೀತೀನಿ. ಒಂದು ಫೋನಿಗೆ. ಇನ್ನೊಂದು ಗೋಡೆ ಮೇಲಿನ ದೀಪಕ್ಕೆ. ಐದು ಕರೆ ಕಾಯ್ತಿದ್ರೆ ದೀಪ ಹಳದಿ ಆಗುತ್ತೆ. ಆಮೇಲೆ, ಇಪ್ಪತ್ತನಾಲ್ಕು ಜನ ಮೇಲೇ ಕೂರ್ತಾರಲ್ಲ, ಅವರಿಗೆ ಮೆಟ್ಲೇ ಇಲ್ಲ."

"ನನ್ನ ಮಂಡಿ?"

ಎಳೆಯಕ್ಕ ಬೆರಳನ್ನು ಹಾಲಿನ ಕಡೆಗೆ ಸರಿಸಿದಳು. "ನಿಮ್ಮ ಮೇಜೂ ಮೇಲೆ ಬರೆದಿದೀನಿ ಸಿಸ್ಟರ್. ಕಿಟಕಿ ಪಕ್ಕ. ಬೆಳಿಗ್ಗೆ ಒಂದ್ಸಲ ಹತ್ತಿದ್ರೆ ಸಂಜೆ ಒಂದ್ಸಲ ಇಳಿಯೋದು."

ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡು ಕಂದು ಕಾಗದದ ಮೇಲೆ ಬಾಗಿದರು. ಮೂಲೆಯ ಕೋಣೆಯಿಂದ ತಮ್ಮ ಮೇಜಿಗೆ ಬೆರಳಲ್ಲೇ ನಡೆದರು. ಆಮೇಲೆ ಹಾಲಿನ ಉದ್ದದ ಗೋಡೆಯ ಮೇಲೆ ಬೆರಳು ನಿಲ್ಲಿಸಿದರು.

"ಇಲ್ಲಿದ್ದ ಕನ್ನಡಿ ತೆಗೀತೀರಾ?"

"ಎಂಜಿನಿಯರ್ ಸರ್ ತೆಗೀಬೇಕು ಅಂತಿದ್ರು. ಬೆಳಕು ಕಣ್ಣಿಗೆ ಹೊಡೆಯುತ್ತಂತೆ."

"ಒಂದು ಕನ್ನಡಿ ಊಟದ ಕೋಣೆಗೆ ಹಾಕ್ಸು. ಎಲ್ಲರೂ ಎಂಟೆಂಟು ಗಂಟೆ ಹೆಡ್‌ಫೋನ್ ಹಾಕ್ಕೊಂಡು ತಲೆಕೂದಲು ಏನಾಗಿರುತ್ತೆ ಗೊತ್ತಾ?" ಎಂದು, ಕಾಗದ ಮಡಚಿ ಕೈಗಿಟ್ಟು, ಬಿಸ್ಕತ್ತಿನ ಡಬ್ಬಿ ಆಕೆಯ ಕಡೆಗೆ ತಳ್ಳಿದರು.

ಎಳೆಯಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮುಂದಿನದೆಲ್ಲ ಮೈಮುರಿಯುವ ಕೆಲಸ. ಹನ್ನೆರಡು ದಿನ ಕೇಬಲ್ ಎಳೆದರು. ಆಕೆಯ ಜೊತೆಗೆ ಇಬ್ಬರು ಎಲೆಕ್ಟ್ರಿಷಿಯನ್ನರು. ಒಡಹುಟ್ಟಿದವರು, ಇಬ್ಬರಿಗೂ ಐವತ್ತು ದಾಟಿತ್ತು. ಒಬ್ಬ ಏಣಿಯ ಮೇಲಿದ್ದರೆ ಇನ್ನೊಬ್ಬ ಕೆಳಗಿನಿಂದ ಅವನು ಮಾಡುತ್ತಿರುವುದೆಲ್ಲ ತಪ್ಪೆಂದು ಹೇಳುತ್ತಿದ್ದ, ಜಾಗ ಬದಲಾದರೆ ಮಾತೂ ಅದಲುಬದಲಾಗುತ್ತಿತ್ತು. ಆದರೂ ಅವರ ಕೊಳವೆಗಳು ದಾರ ಹಿಡಿದಂತೆ ನೇರವಾಗಿದ್ದವು. ಇಪ್ಪತ್ತನಾಲ್ಕು ಮೇಜಿಗೆ ನಲವತ್ತೆಂಟು, ಊಟದ ಕೋಣೆಗೆ ಎರಡು, ಪ್ರಿಂಟರಿಗೆ, ವೈಫೈ ಪೆಟ್ಟಿಗೆಗಳಿಗೆ, ಒಟ್ಟು ಐವತ್ತಾರು ಕೇಬಲ್. ಪ್ರತಿಯೊಂದರ ಎರಡೂ ತುದಿಗೆ ಎಳೆಯಕ್ಕ ತನ್ನ ಕೈಯಾರೆ ಚೀಟಿ ಅಂಟಿಸಿದಳು. ಪ್ರತಿ ಮೇಜಿನ ಕೆಳಗೆ ಎರಡು ಬಗೆಯ ಸಾಕೆಟ್: ಬಿಳಿಯದು ಸಾಮಾನ್ಯ ಕರೆಂಟಿಗೆ, ಕೆಂಪಿನದು ಬ್ಯಾಟರಿಯಿಂದ ನಡೆಯುವುದು. ಕೆಂಪು ಸಾಕೆಟ್ಟಿಗೆ ಕಂಪ್ಯೂಟರ್ ಮತ್ತು ಫೋನ್ ಬಿಟ್ಟು ಇನ್ನೇನನ್ನೂ ಹಾಕಕೂಡದು ಎಂದು ದಪ್ಪ ಅಕ್ಷರದಲ್ಲಿ ಬರೆದು ಎಲ್ಲ ಕಡೆ ಹಚ್ಚಿದಳು. ಕೆಳಗಿನ ಹಳೆಯ ಊಟದ ಕೋಣೆಯಲ್ಲಿ ನಲ್ಲಿ ಮುಚ್ಚಿ, ಗಾಳಿ ಹೊರಹಾಕುವ ಫ್ಯಾನ್ ಕೂರಿಸಿ, ಕಬ್ಬಿಣದ ಕಪಾಟಿನಲ್ಲಿ ಮೂವತ್ತೆರಡು ಬ್ಯಾಟರಿಗಳು ಸಾಲಾಗಿ ಕೂತವು. ಹೊರಗೆ ಕಾಂಪೌಂಡಿನ ಮೂಲೆಯಲ್ಲಿ ಹೊಸ ಜನರೇಟರ್.

ಪರೀಕ್ಷೆಯ ದಿನ ಮಂಗಳವಾರ, ಬೆಳಿಗ್ಗೆ ಹನ್ನೊಂದು. ಎಂಜಿನಿಯರ್ ಎಲ್ಲ ಮೇಜುಗಳನ್ನೂ ಒಟ್ಟಿಗೇ ಹೊಸ ವ್ಯವಸ್ಥೆಗೆ ತಿರುಗಿಸೋಣವೆಂದಾಗ ಎಳೆಯಕ್ಕ ಒಪ್ಪಿರಲಿಲ್ಲ. ಕೆಳಗಿನ ಆರು ಮೇಜನ್ನು ಹಳೆಯ ಬ್ಯಾಟರಿಯ ಮೇಲೇ ಉಳಿಸಿ, ಹೊರಗಿನ ನಿಜವಾದ ಕರೆಗಳೆಲ್ಲ ಆ ಹೊತ್ತಿಗೆ ಅಲ್ಲಿಗೇ ಬರುವಂತೆ ಮಾಡಿಸಿದ್ದಳು. ಉಳಿದ ಮೂವತ್ತನಾಲ್ಕು ಮೇಜುಗಳಲ್ಲಿ ನರ್ಸುಗಳು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಸುಮ್ಮನೆ ಮಾತಾಡುತ್ತಿರಬೇಕು. ಇಷ್ಟು ಸಂತೋಷದಿಂದ ಅವರು ಯಾವ ಆದೇಶವನ್ನೂ ಪಾಲಿಸಿರಲಿಲ್ಲ. ಹಾಲ್ ತುಂಬಾ ಕಲಕಲ.

ಎಳೆಯಕ್ಕ ಮುಖ್ಯ ಸ್ವಿಚ್ಚಿನ ಮೇಲೆ ಕೈಯಿಟ್ಟಳು. "ತೆಗೀಲಾ ಸರ್?"

"ತೆಗೀರಿ ಅಕ್ಕ," ಎಂದರು ಎಂಜಿನಿಯರ್.

ಖಟ್ಟೆಂದಿತು. ಫ್ಯಾನುಗಳು ನಿಧಾನವಾದವು, ಟ್ಯೂಬ್‌ಲೈಟುಗಳು ಆರಿದವು. ಪರದೆಗಳು ಮಾತ್ರ ಬೆಳಗುತ್ತಲೇ ಇದ್ದವು. ಮೇಲಿನಿಂದ ನರ್ಸುಗಳ ಕಲಕಲ ಒಂದು ಕ್ಷಣವೂ ತಡೆಯದೆ ಕೇಳುತ್ತಿತ್ತು. ಒಂದು, ಎರಡು ಎಂದು ಎಂಜಿನಿಯರ್ ಎಣಿಸುತ್ತಿದ್ದರು. ಹದಿಮೂರಕ್ಕೆ ಹೊರಗೆ ಜನರೇಟರ್ ಗುರ್ರೆಂದು ಎದ್ದಿತು. ಅಣ್ಣತಮ್ಮ ಎಲೆಕ್ಟ್ರಿಷಿಯನ್ನರು ಜೀವನದಲ್ಲಿ ಮೊದಲ ಸಲವೋ ಏನೋ ಒಂದೇ ಅಭಿಪ್ರಾಯಕ್ಕೆ ಬಂದು, "ಭೇಷ್!" ಎಂದರು.

ಅಷ್ಟರಲ್ಲಿ ಬ್ಯಾಟರಿ ಕೋಣೆಯಿಂದ ಕಿರ್ರೋ ಎಂದು ಸೈರನ್ ಶುರುವಾಯಿತು. ಯಂತ್ರದ ಮೇಲೆ ಕೆಂಪು ದೀಪ: ಎಳೆಯುತ್ತಿರುವ ಕರೆಂಟು ಮಿತಿ ಮೀರಿದೆ. ಎಂಜಿನಿಯರ್ ಮುಖ ಬಿಳಿಚಿತು. ಲೆಕ್ಕ ಇಬ್ಬರೂ ಮೂರು ಸಲ ಮಾಡಿದ್ದರು, ತಪ್ಪುವ ಹಾಗಿರಲಿಲ್ಲ. ಎಳೆಯಕ್ಕ ಯಂತ್ರವನ್ನು ನೋಡಲೇ ಇಲ್ಲ. ಪಕ್ಕದ ಫಲಕದಲ್ಲಿ ಯಾವ ಸಾಲಿಗೆ ಎಷ್ಟು ಕರೆಂಟು ಹೋಗುತ್ತಿದೆಯೆಂದು ತೋರಿಸುವ ಮುಳ್ಳುಗಳ ಮೇಲೆ ಕಣ್ಣು ಹಾಯಿಸಿದಳು. ಏಳನೇ ಸಾಲಿನ ಮುಳ್ಳು ನೆಟ್ಟಗೆ ನಿಂತಿತ್ತು. ಏಳನೇ ಸಾಲಿನಲ್ಲಿ ಒಂದೇ ಕೋಣೆ.

ಆಕೆ ಬಾಗಿಲು ತಟ್ಟಿ ಒಳಗೆ ಹೋದಳು. ಡಾಕ್ಟರು ಕುರ್ಚಿಯಲ್ಲಿ ಕೂತು, ಕೈಯಲ್ಲಿ ಖಾಲಿ ಲೋಟ ಹಿಡಿದು, ಪಕ್ಕದ ಸ್ಟೂಲಿನ ಮೇಲೆ ಕುದಿಯುತ್ತಿದ್ದ ಎಲೆಕ್ಟ್ರಿಕ್ ಕೆಟಲ್ಲನ್ನೇ ನೋಡುತ್ತಿದ್ದರು.

"ಏನಮ್ಮಾ ಅದು ಸದ್ದು?"

"ನಿಮ್ಮ ಟೀ ಸರ್," ಎಂದಳು. ಕೆಂಪು ಸಾಕೆಟ್ಟಿನಿಂದ ಪ್ಲಗ್ ಕಿತ್ತಳು. ಸೈರನ್ ನಿಂತಿತು.

ಬಾಗಿಲಲ್ಲಿ ಅಷ್ಟು ಹೊತ್ತಿಗೆ ಎಂಜಿನಿಯರ್, ಅವರ ಹಿಂದೆ ಅಣ್ಣತಮ್ಮಂದಿರು. ಡಾಕ್ಟರು ಸಾಕೆಟ್ಟನ್ನು ನೋಡಿದರು, ಅದರ ಮೇಲಿನ ದಪ್ಪ ಅಕ್ಷರದ ಚೀಟಿಯನ್ನು ನೋಡಿದರು, ಲೋಟವನ್ನು ಮೇಜಿನ ಮೇಲಿಟ್ಟರು. "ಈ ಚೀಟಿಗೆ ಸಹಿ ಹಾಕಿ ಎಲ್ಲರಿಗೂ ಹಂಚಿದ್ದು ನಾನೇ ಅಲ್ವಾ?" ಎಂದರು.

"ಹೌದು ಸರ್. ಮೊನ್ನೆ ಶುಕ್ರವಾರ."

ಡಾಕ್ಟರು ನಕ್ಕ ಮೇಲೆ ಉಳಿದವರು ನಕ್ಕರು. ಮೇಲಿನ ಅಂತಸ್ತಿಗೆ ಈ ಸುದ್ದಿ ಅವರ ನಗೆಗಿಂತ ಮುಂಚೆಯೇ ತಲುಪಿತ್ತೆಂದು ಕಾಣುತ್ತದೆ. ನರ್ಸುಗಳ ಕಲಕಲ ಇದ್ದಕ್ಕಿದ್ದಂತೆ ಗಹಗಹವಾಗಿ ಕೇಳಿತು. ಮಧ್ಯಾಹ್ನ ಇನ್ನೆರಡು ಸಲ ಕರೆಂಟು ತೆಗೆದು ನೋಡಿದರು, ಒಂದು ಸಲ ಜನರೇಟರನ್ನೂ ಬೇಕೆಂದೇ ನಿಲ್ಲಿಸಿ. ಬ್ಯಾಟರಿ ಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಗುರುವಾರ ಬೆಳಿಗ್ಗೆಯಿಂದ ನಲವತ್ತು ಮೇಜೂ ನಿಜವಾದ ಕರೆಗಳಿಗೆ ತೆರೆದವು.

ಮೇಲಿನ ಊಟದ ಕೋಣೆಯಲ್ಲಿ ಕಿಟಕಿಯ ಪಕ್ಕದ ಎರಡು ಕುರ್ಚಿಗೆ ಮೊದಲ ವಾರವೇ ಪೈಪೋಟಿ ಹತ್ತಿ, ದೊಡ್ಡ ಸಿಸ್ಟರ್ ಸರದಿಯ ಪಟ್ಟಿ ಬರೆದು ಗೋಡೆಗೆ ಹಚ್ಚಬೇಕಾಯಿತು. ಕನ್ನಡಿಯ ಮುಂದೆ ಬಾಚಣಿಗೆಯೊಂದು ದಾರಕ್ಕೆ ಕಟ್ಟಿ ನೇತಾಡುತ್ತಿದೆ.

ತಿಂಗಳು ಕಳೆದ ಮೇಲೆ ಮುಖ್ಯ ಕಚೇರಿಯಿಂದ ಒಂದು ಪತ್ರ ಬಂತು. ಬೇರೆ ಎರಡು ಊರಿನ ಕೇಂದ್ರಗಳನ್ನೂ ದೊಡ್ಡದು ಮಾಡುತ್ತಿದ್ದಾರೆ. ನಕ್ಷೆ ಹಾಕುವ ಮೊದಲು ಆಕೆಯೇ ಹೋಗಿ ಕಟ್ಟಡ ನೋಡಿ, ಅಳೆದು, ಬರೆದು ಕೊಡಬೇಕು. ಎಂಜಿನಿಯರ್ ಶಿಫಾರಸು ಮಾಡಿದ್ದರು. ಪತ್ರದಲ್ಲಿ ಆಕೆಗೊಂದು ಹೊಸ ಹುದ್ದೆಯ ಹೆಸರೂ ಇತ್ತು. ಸಂಜೆ ಊಟಕ್ಕೆ ಕೂತಾಗ ಆಕೆ ಅದನ್ನು ಗಟ್ಟಿಯಾಗಿ ಓದಿದಳು: "ಜಾಲ ಮತ್ತು ವಿದ್ಯುತ್ ಯೋಜಕಿ."

ಅತ್ತೆಯ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. "ಯಾಚಕಿನಾ? ಅಯ್ಯೋ ನನ್ ಕರ್ಮವೇ! ಮೂವತ್ತು ವರ್ಷ ದುಡಿಸ್ಕೊಂಡು ಭಿಕ್ಷೆ ಬೇಡೋಕೆ ಹಚ್ಚಿದ್ರೇನೇ?"

"ಯಾಚಕಿ ಅಲ್ಲಮ್ಮಾ, ಯೋಜಕಿ! ಯೋಜನೆ ಹಾಕೋಳು!" ಎಂದು ಗಂಡ ಅವರ ಕಿವಿಯ ಹತ್ತಿರ ಕೂಗಿದ. ಕೂಗುವಾಗಲೇ ಅವನಿಗೆ ನಗು ತಡೆಯಲಾಗಲಿಲ್ಲ.

"ಹಾಗನ್ನು ಮತ್ತೆ! ಕರೆಂಟಿನ ಭಿಕ್ಷೆ ಕೇಳ್ಕೊಂಡು ಮನೆಮನೆಗೆ ಹೋಗ್ತಾಳೇನೋ ಅನ್ಕೊಂಡೆ," ಎಂದರು ಅತ್ತೆ. ಆಮೇಲೆ ಪತ್ರವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ತುಟಿಯಾಡಿಸುತ್ತಾ ಮೊದಲಿಂದ ಕೊನೆಯವರೆಗೆ ತಾವೇ ಓದಿದರು. ಓದಿ ಮುಗಿಸಿ ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದರು. "ದೂರದ ಊರು. ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೋ. ಆ ಮನುಷ್ಯರ ಮುಂದೆ ಹೊಟ್ಟೆ ಹಸೀತಿದೆ ಅಂತ ಹೇಳೋಕೆ ನಾಚ್ಕೋಬೇಡ."

"ಆಯ್ತಮ್ಮ," ಎಂದಳು ಎಳೆಯಕ್ಕ, ಬಾಯಿ ತುಂಬಾ ಬ್ರೆಡ್ ಇಟ್ಟುಕೊಂಡೇ.